ವೇತಾಲ, ಯಕ್ಷಿ, ಚಂಡಮಾರಿ: ಮಾನ್ಯಖೇಟದ ಗ್ರಂಥಗಳೂ ಆಂಗ್ಲ ಕೋಶಗಳೂ

೧

ಕಣ್ಣಿಗೆ ಕಾಣುವ ವಸ್ತುವಿಗೆ ಕೋಶಕಾರನು ತಪ್ಪು ಹೆಸರನ್ನು ಕೊಟ್ಟರೆ ಓದುಗನು ವಸ್ತುವನ್ನು ನೋಡಿ ತಿದ್ದಿಕೊಳ್ಳಬಹುದು. ಕಣ್ಣಿಗೆ ಕಾಣದ ವಸ್ತುವಿನ ವಿಷಯದಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಹೆಸರೇ ವಸ್ತು, ಲಕ್ಷಣವೇ ರೂಪ. ಯಕ್ಷ, ಕಿನ್ನರ, ಪಿಶಾಚ, ವೇತಾಲ ಮೊದಲಾದ ಶಬ್ದಗಳಿಗೆ ಅರ್ಥ ಹೇಳಹೊರಟವನ ಹೊಣೆ ಆದಕಾರಣ ಬಲು ದೊಡ್ಡದು. ಒಮ್ಮೆ ತಪ್ಪಿದ ಅರ್ಥವನ್ನು ತಿದ್ದಲು ಗ್ರಂಥಪ್ರಮಾಣದ ಹೊರತು ಬೇರೆ ಸಾಧನವಿಲ್ಲ.

ಈ ಬಗೆಯ ಸತ್ತ್ವಗಳನ್ನು ಕುರಿತು ಇಂಗ್ಲಿಷಿನಲ್ಲಿ ಸಚಿತ್ರ ಗ್ರಂಥಗಳೂ ಕೋಶಗಳೂ ಹೇರಳವಾಗಿವೆ. ೧೮೨೮ರಲ್ಲಿ ಥಾಮಸ್ ಕೈಟ್ಲಿಯ ಫೇರಿ ಪುರಾಣವೂ, ೧೯೨೮ರಲ್ಲಿ ಮಾಂಟೇಗ್ ಸಮ್ಮರ್ಸನ ವ್ಯಾಂಪೈರ್ ಗ್ರಂಥವೂ, ೧೯೭೬ರಲ್ಲಿ ಕ್ಯಾಥರೀನ್ ಬ್ರಿಗ್ಸ್ ಎಂಬ ವಿದುಷಿಯ ಫೇರಿಕೋಶವೂ, ೧೯೭೮ರಲ್ಲಿ ಬ್ರಯನ್ ಫ್ರೌಡ್ ಮತ್ತು ಆಲನ್ ಲೀ ಎಂಬ ಚಿತ್ರಕಾರರ ಸಚಿತ್ರ ಗ್ರಂಥವೂ ಹೊರಬಂದು ಮನ್ನಣೆ ಪಡೆದಿವೆ. ತಮ್ಮ ತಮ್ಮ ದೇಶದ ಸಾಮಗ್ರಿಯ ಮಟ್ಟಿಗೆ ಇವು ಬೆಲೆಯುಳ್ಳವೇ ಸರಿ. ಆದರೆ ಈ ಗ್ರಂಥಪರಂಪರೆಯ ಶಬ್ದಗಳು ನಮ್ಮ ಪಾಠಶಾಲೆಗಳಿಗೆ ಬಂದು, ವೇತಾಲವೆಂದರೆ ವ್ಯಾಂಪೈರ್, ಯಕ್ಷಿಣಿ ಅಥವಾ ಕಿನ್ನರಿ ಎಂದರೆ ಫೇರಿ ಎಂಬ ಸಮೀಕರಣಗಳು ನೆಲೆಯೂರಿವೆ. ವ್ಯಾಂಪೈರಿಗೆ ರಕ್ತಪಿಶಾಚಿಯೆಂಬ ಹೊಸ ಸಮಾಸವೂ ಬಳಕೆಗೆ ಬಂದಿದೆ. ಈ ಸಮೀಕರಣಗಳು ಎಷ್ಟರ ಮಟ್ಟಿಗೆ ನಿಲ್ಲುತ್ತವೆಂಬುದನ್ನು ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದು, ಚಿಂಚೋಳಿ ಸೀಮೆಯ ಪ್ರಾಚೀನ ಗ್ರಂಥಸಂಪತ್ತಿನ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

ಈ ಸೀಮೆಯನ್ನೇ ಆರಿಸಿಕೊಳ್ಳಲು ಕಾರಣವುಂಟು. ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಡದ ಮೇಲಿರುವ ಇಂದಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಕವಿರಾಜಮಾರ್ಗವು ಹುಟ್ಟಿದ ಆ ಆಸ್ಥಾನದ ಮಹಿಮೆಯನ್ನು ಕನ್ನಡಿಗರಿಗೆ ಬೇರೆ ಹೇಳಬೇಕಾದುದಿಲ್ಲ. ಪ್ರಕೃತಕ್ಕೆ ಬೇಕಾದುದು ಹತ್ತನೆಯ ಶತಮಾನದ ಮುಮ್ಮಡಿ ಕೃಷ್ಣನ ಕಾಲ. ಇಂದ್ರನಂದಿಯ ಜ್ವಾಲಿನೀಕಲ್ಪವು ಶಕವರ್ಷ ೮೬೧ರಲ್ಲಿ, ಎಂದರೆ ಕ್ರಿ. ಶ. ೯೩೯ರಲ್ಲಿ, ಮಾನ್ಯಖೇಟದಲ್ಲಿಯೇ ಮುಗಿಯಿತು. ಸೋಮದೇವಸೂರಿಯ ಯಶಸ್ತಿಲಕಚಂಪುವು ೯೫೯ರಲ್ಲಿ ಅದೇ ಕೃಷ್ಣನ ಸಾಮಂತರ ಆಶ್ರಯದಲ್ಲಿ ಗಂಗಧಾರೆಯಲ್ಲಿ ಪೂರ್ಣವಾಯಿತು. ಅಪಭ್ರಂಶದ ಮಹಾಕವಿ ಪುಷ್ಪದಂತನು ಮಾನ್ಯಖೇಟದಲ್ಲಿ ನೆಲಸಿ, ಭರತ, ನನ್ನ ಎಂಬ ಮಂತ್ರಿಗಳ ಪೋಷಣೆಯಲ್ಲಿ ಮಹಾಪುರಾಣವನ್ನೂ ಜಸಹರಚರಿಉವನ್ನೂ ರಚಿಸಿದನು. ಕವಿರಹಸ್ಯದಲ್ಲಿ ರಾಷ್ಟ್ರಕೂಟ ಕೃಷ್ಣರಾಜನನ್ನು ಕೊಂಡಾಡಿದ ಹಲಾಯುಧನೇ ಅಭಿಧಾನರತ್ನಮಾಲೆಯೆಂಬ ಕೋಶದ ಕರ್ತೃವೆಂದು ವಿದ್ವಾಂಸರ ಮತ. ಮಂತ್ರಶಾಸ್ತ್ರ, ಚಂಪು, ಚರಿತ, ಕೋಶ ಎಂಬ ನಾಲ್ಕು ಬಗೆಯ ಗ್ರಂಥಗಳೂ ಒಂದೇ ರಾಜ್ಯದಲ್ಲಿ ಒಂದು ತಲೆಮಾರಿನೊಳಗೆ ಹುಟ್ಟಿದುದು ಸಣ್ಣ ಮಾತಲ್ಲ.

ಕೋಶಗಳ ಚರಿತ್ರೆಗೂ ಮಳಖೇಡಕ್ಕೂ ಮತ್ತೊಂದು ನಂಟುಂಟು. ಮಾಳವದ ಪರಮಾರರು ಮಾನ್ಯಖೇಟವನ್ನು ಸೂರೆಮಾಡಿದ ವಿಕ್ರಮವರ್ಷ ೧೦೨೯ರಲ್ಲಿ, ಎಂದರೆ ೯೭೨-೭೩ರಲ್ಲಿ, ಧಾರಾನಗರದ ಧನಪಾಲನು ತನ್ನ ತಂಗಿ ಸುಂದರಿಗಾಗಿ ಪಾಇಯಲಚ್ಛಿಯೆಂಬ ಪ್ರಾಕೃತಕೋಶವನ್ನು ಬರೆದನು. ತನ್ನ ಗ್ರಂಥದ ಕಾಲವನ್ನು ಅವನು ಆ ಸೂರೆಯಿಂದಲೇ ಗುರುತಿಸಿದ್ದಾನೆ. ಗೆದ್ದವರ ನಾಡಿನಲ್ಲಿ ಹುಟ್ಟಿದ ಕೋಶವೊಂದು ಸೋತವರ ರಾಜಧಾನಿಯ ಹೆಸರನ್ನು ಹೊತ್ತು ಉಳಿಯಿತು.

ರಾಜಧಾನಿ ಹಾಳಾದರೂ ಗ್ರಂಥಾದರ ಅಳಿಯಲಿಲ್ಲ. ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನಕ್ಕೆ ಸಂಬಂಧಿಸಿದ ೧೦೫೮ರ ಚಾಲುಕ್ಯಶಾಸನವು ಉಪಾಧ್ಯಾಯರೊಡನೆ ಆರು ಮಂದಿ ಸರಸ್ವತೀಭಂಡಾರಿಗರಿಗೂ ವೃತ್ತಿಯನ್ನು ವಿಧಿಸುತ್ತದೆ. ಪುಸ್ತಕವನ್ನು ಕಾಯುವವನಿಗೂ ಪಾಠ ಹೇಳುವವನಂತೆ ಉಂಬಳಿಯುಂಟೆಂಬುದು ಆ ಕಾಲದವರು ಆಕರಗ್ರಂಥಗಳಿಗೆ ಕೊಟ್ಟ ಗೌರವವನ್ನು ಸೂಚಿಸುತ್ತದೆ. ಇನ್ನೂ ಹಿಂದಕ್ಕೆ ಹೋದರೆ, ಅದೇ ಚಿತ್ತಾಪುರ ತಾಲೂಕಿನ ಸನ್ನತಿಯ ಹತ್ತಿರ, ಭೀಮಾತೀರದ ಕನಗನಹಳ್ಳಿಯಲ್ಲಿ ಶಾತವಾಹನರ ಕಾಲದ ಸ್ತೂಪವಿದೆ. ಶಹಾಬಾದು ಕಲ್ಲೆಂದು ಹೆಸರಾದ ಆ ಪ್ರದೇಶದ ಸುಣ್ಣಕಲ್ಲಿನಲ್ಲಿ ಕೆತ್ತಿದ ಚಿತ್ರಗಳಿಗೆ ಬ್ರಾಹ್ಮೀಲಿಪಿಯ ಹೆಸರುಗಳನ್ನು ಜೋಡಿಸಿದ್ದಾರೆ. ರಾಯ ಅಸೋಕನೆಂಬ ಹೆಸರುಳ್ಳ ಪ್ರಸಿದ್ಧ ಶಿಲ್ಪವು ಅವುಗಳಲ್ಲೊಂದು. ಉತ್ತರದ ಭರ್ಹುತದಲ್ಲಿ ಇದೇ ಪದ್ಧತಿಯಂತೆ ಕುಬೇರ, ಸೂಚಿಲೋಮ ಮೊದಲಾದ ಯಕ್ಷರ ಮೂರ್ತಿಗಳ ಪಕ್ಕದಲ್ಲಿಯೇ ಅವರವರ ಹೆಸರುಂಟು. ರೂಪವನ್ನು ತೋರಿಸಿ ಹೆಸರನ್ನು ಹೇಳುವುದೇ ಸಚಿತ್ರ ಕೋಶದ ಕೆಲಸವಾದರೆ, ಆ ಕೆಲಸ ನಮ್ಮ ದೇಶದಲ್ಲಿ ಕಾಗದಕ್ಕೂ ತಾಳೆಗರಿಗೂ ಮುನ್ನ ಕಲ್ಲಿನಲ್ಲಿಯೇ ಆರಂಭವಾಗಿತ್ತೆಂದು ಹೇಳಬಹುದು.

೩

ಇನ್ನು ಅಮಾನುಷ ಸತ್ತ್ವಗಳ ವಿಭಾಗಕ್ರಮವನ್ನು ನೋಡಬೇಕು. ಅಮರಸಿಂಹನು ಸ್ವರ್ಗವರ್ಗದಲ್ಲಿ ದೇವಯೋನಿಗಳು ಹತ್ತೆಂದು ಎಣಿಸಿದ್ದಾನೆ: ವಿದ್ಯಾಧರ, ಅಪ್ಸರಸ್ಸು, ಯಕ್ಷ, ರಾಕ್ಷಸ, ಗಂಧರ್ವ, ಕಿನ್ನರ, ಪಿಶಾಚ, ಗುಹ್ಯಕ, ಸಿದ್ಧ, ಭೂತ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವನ್ನು ಅನುಸರಿಸುವ ಜೈನರಲ್ಲಿ ವ್ಯಂತರದೇವರು ಎಂಟು ಬಗೆ: ಕಿನ್ನರ, ಕಿಂಪುರುಷ, ಮಹೋರಗ, ಗಂಧರ್ವ, ಯಕ್ಷ, ರಾಕ್ಷಸ, ಭೂತ, ಪಿಶಾಚ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಮನುಷ್ಯನನ್ನು ಹಿಡಿಯುವ ಗ್ರಹಗಳೂ ಎಂಟೇ: ದೇವ, ಅಸುರ, ಗಂಧರ್ವ, ಯಕ್ಷ, ಪಿತೃ, ಭುಜಂಗ, ರಾಕ್ಷಸ, ಪಿಶಾಚ.

ಈ ಮೂರು ಪಟ್ಟಿಗಳನ್ನು ಹೋಲಿಸಿದರೆ ಮೂರು ಅಂಶಗಳು ಹೊಳೆಯುತ್ತವೆ. ಮೊದಲನೆಯದು, ಪಟ್ಟಿಯ ಉದ್ದೇಶದಂತೆ ವಿಭಾಗವೂ ಬದಲಾಗುತ್ತದೆ. ಅಮರನದು ಶಬ್ದಾನುಶಾಸನ, ಜೈನರದು ಲೋಕವಿಭಾಗ, ಸುಶ್ರುತನದು ರೋಗಚಿಕಿತ್ಸೆ. ಅಮರನು ಕಿನ್ನರ ಕಿಂಪುರುಷರನ್ನು ಪರ್ಯಾಯಪದಗಳೆಂದು ಎಣಿಸಿದರೆ ತತ್ತ್ವಾರ್ಥಸೂತ್ರವು ಬೇರೆ ಬೇರೆ ವರ್ಗಗಳೆಂದು ಎಣಿಸುತ್ತದೆ. ಆದುದರಿಂದ ಪಂಪ ಪೊನ್ನ ರನ್ನರಂತಹ ಜೈನಕವಿಗಳ ಶಬ್ದಕ್ಕೆ ಅಮರದಿಂದ ಮಾತ್ರ ಅರ್ಥ ಹೇಳಿದರೆ ಸಾಲದು. ಎರಡನೆಯದು, ಯಕ್ಷ, ಗಂಧರ್ವ, ರಾಕ್ಷಸ, ಪಿಶಾಚ ಎಂಬ ನಾಲ್ಕು ಹೆಸರುಗಳು ಮೂರರಲ್ಲಿಯೂ ಸಮಾನ. ಮತಭೇದ ಶಾಸ್ತ್ರಭೇದಗಳನ್ನು ಮೀರಿ ನಿಂತ ಜಾತಿಗಳು ಇವು. ಮೂರನೆಯದೂ ಮುಖ್ಯವಾದುದೂ ಏನೆಂದರೆ, ಮೂರು ಪಟ್ಟಿಗಳಲ್ಲಿಯೂ ವೇತಾಲನಿಲ್ಲ. ಇಷ್ಟು ಪ್ರಸಿದ್ಧವಾದ ಹೆಸರು ಬಿಟ್ಟುಹೋದುದು ಮರೆವಿನಿಂದಲ್ಲವೆಂದು ತೋರುತ್ತದೆ. ವೇತಾಲತ್ವವು ಹುಟ್ಟಿನಿಂದ ಬರುವ ಯೋನಿಯಲ್ಲ, ಶವವನ್ನು ಆಶ್ರಯಿಸುವುದರಿಂದ ಒದಗುವ ಸ್ಥಿತಿ ಎಂದು ತಿಳಿದರೆ ಪಟ್ಟಿಗಳ ಮೌನಕ್ಕೆ ಕಾರಣ ದೊರೆಯುತ್ತದೆ.

ಕನ್ನಡದ ದೇಶ್ಯ ತದ್ಭವ ಶಬ್ದಗಳೂ ಇಲ್ಲಿ ಗಮನಾರ್ಹವಾಗಿವೆ. ವಕಾರವು ಬಕಾರವಾಗಿ ವೇತಾಲನು ಬೇತಾಳನಾದನು. ಯಕಾರವು ಜಕಾರವಾಗಿ ಯಕ್ಷನು ಜಕ್ಕನೂ ಯಕ್ಷಿಯು ಜಕ್ಕಿಯೂ ಆದರು. ಇಮ್ಮಡಿ ಕೃಷ್ಣನ ಕಾಲದಲ್ಲಿ ನಾಗರಖಂಡವನ್ನಾಳಿದ ಜಕ್ಕಿಯಬ್ಬೆಯ ಹೆಸರು ಈ ಶಬ್ದದ ಗೌರವಕ್ಕೆ ಸಾಕ್ಷಿ. ಮಗಳಿಗೆ ಭಯಂಕರ ಪಿಶಾಚಿಯ ಹೆಸರನ್ನು ಯಾವ ತಂದೆತಾಯಿಗಳೂ ಇಡುವುದಿಲ್ಲವಷ್ಟೆ. ರನ್ನನ ಗದಾಯುದ್ಧದಲ್ಲಿ ರಣರಂಗದ ಹೆಣಗಳ ನಡುವೆ ದುರ್ಯೋಧನನನ್ನು ಎದುರಿಸಿ ಕೆಣಕುವ ಮರುಳ್ ಎಂಬುದು ಅಚ್ಚಗನ್ನಡ ಶಬ್ದ. ಅದಕ್ಕೆ ಪಿಶಾಚವೆಂದೂ ಬುದ್ಧಿಭ್ರಮೆಯೆಂದೂ ಎರಡರ್ಥ. ನಿಜವಾಗಿ ಮರುಳಾದವರು ಯಾರೆಂಬ ಆ ಪ್ರಸಂಗದ ವ್ಯಂಗ್ಯವು ನಿಂತಿರುವುದು ಈ ಎರಡರ್ಥದ ಮೇಲೆಯೇ. ದೈವಶಬ್ದದಿಂದ ಬಂದ ದೆವ್ವವು ಕೀಳರ್ಥಕ್ಕೆ ಇಳಿದಂತೆ, ಚಿಂಚೋಳಿಯ ಗಡಿಯಾಚೆ ತೆಲುಗಿನಲ್ಲಿಯೂ ಅದೇ ಮೂಲದ ದಯ್ಯಂ ಎಂಬುದು ಭೂತಾರ್ಥಕ್ಕೆ ಇಳಿದಿದೆ. ಪೂಜೆಗೆ ಪಾತ್ರವಾದುದೂ ಹೆದರಿಕೆಗೆ ಕಾರಣವಾದುದೂ ಒಂದೇ ಶಬ್ದದಲ್ಲಿ ಕೂಡಿರುವುದಕ್ಕೆ ಇವು ನಿದರ್ಶನಗಳು.

೪

ಮಾನ್ಯಖೇಟದ ಗ್ರಂಥಗಳಲ್ಲಿ ಈ ವಿಷಯಕ್ಕೆ ಅತ್ಯಂತ ನಿಕಟವಾದುದು ಜ್ವಾಲಿನೀಕಲ್ಪ. ಜ್ವಾಲಾಮಾಲಿನಿಯು ಎಂಟನೆಯ ತೀರ್ಥಂಕರನಾದ ಚಂದ್ರಪ್ರಭನ ಯಕ್ಷಿ, ಅಷ್ಟಭುಜೆ, ಮಹಿಷವಾಹನೆ. ಗ್ರಂಥವು ಹತ್ತು ಪರಿಚ್ಛೇದಗಳಾಗಿ ವಿಂಗಡವಾಗಿದ್ದು, ಮೊದಲು ಮಂತ್ರಿಯ, ಎಂದರೆ ಮಂತ್ರಸಾಧಕನ, ಯೋಗ್ಯತೆಯನ್ನೂ ಆ ಬಳಿಕ ಗ್ರಹಗಳ ವಿಚಾರವನ್ನೂ ಹೇಳುತ್ತದೆ. ಹಿಡಿಯುವ ಗ್ರಹಗಳನ್ನು ಗಂಡು ಹೆಣ್ಣೆಂದು ವಿಂಗಡಿಸಿ, ಯಾವುದು ಹಿಡಿದರೆ ಯಾವ ಚಿಹ್ನೆಯೆಂದು ತಿಳಿಸಿ, ಅನಂತರ ಮುದ್ರೆ, ಮಂಡಲ, ತೈಲ, ಯಂತ್ರ ಮೊದಲಾದ ಉಪಚಾರಗಳನ್ನು ವಿಸ್ತರಿಸುತ್ತದೆ. ಹೆಸರು, ಲಕ್ಷಣ, ಪರಿಹಾರ ಎಂಬ ಈ ಕ್ರಮವನ್ನು ನೋಡಿದರೆ ಇದನ್ನು ಗ್ರಹವಿಷಯದ ಒಂದು ಆಕರಕೋಶವೆಂದು ಕರೆಯಲು ಅಡ್ಡಿಯಿಲ್ಲ.

ಗ್ರಂಥದ ಹುಟ್ಟಿಗೆ ಇಂದ್ರನಂದಿಯು ಹೇಳುವ ಕಾರಣವು ಮನನೀಯವಾಗಿದೆ. ದಕ್ಷಿಣದ ಹೇಮಗ್ರಾಮದಲ್ಲಿ ಹೇಲಾಚಾರ್ಯನೆಂಬ ಮುನಿಯಿದ್ದನು. ಕಮಲಶ್ರೀ ಎಂಬ ಅವನ ಶಿಷ್ಯೆಯನ್ನು ಬ್ರಹ್ಮರಾಕ್ಷಸನು ಹಿಡಿದನು. ಆಚಾರ್ಯನು ಅವಳ ಬಾಧೆಯನ್ನು ಕಂಡು ನೀಲಗಿರಿಯೆಂಬ ಬೆಟ್ಟವನ್ನೇರಿ ವಹ್ನಿದೇವತೆಯಾದ ಜ್ವಾಲಿನಿಯನ್ನು ಆರಾಧಿಸಿ ಮಂತ್ರವನ್ನು ಪಡೆದನು. ಆ ಮಂತ್ರವಿದ್ಯೆಯು ಶಿಷ್ಯಪರಂಪರೆಯಿಂದ ಇಂದ್ರನಂದಿಗೆ ಬಂದು ಗ್ರಂಥರೂಪವನ್ನು ತಾಳಿತು. ಈ ಆಖ್ಯಾನದಲ್ಲಿ ಕಮಲಶ್ರೀ ಪೀಡಿತೆಯೇ ಹೊರತು ಪೀಡಕಳಲ್ಲ. ಹಿಡಿದುದು ಬೇರೆ, ಹಿಡಿಯಲ್ಪಟ್ಟವಳು ಬೇರೆ ಎಂಬ ವಿವೇಕವನ್ನು ಗ್ರಂಥವು ಎಲ್ಲಿಯೂ ಕೈಬಿಡುವುದಿಲ್ಲ. ಅವಳನ್ನು ಸಂಘದಿಂದ ಹೊರಗಟ್ಟಲಿಲ್ಲ. ಬೆಟ್ಟವನ್ನೇರುವ ಕಷ್ಟವು ಗುರುವಿನ ಪಾಲಿಗೆ ಬಂದಿತು.

ಆಯುರ್ವೇದವು ಇದಕ್ಕಿಂತಲೂ ಮುಂದೆ ಹೋಗುತ್ತದೆ. ಚರಕಸಂಹಿತೆಯ ನಿದಾನಸ್ಥಾನದಲ್ಲಿ ಉನ್ಮಾದವನ್ನು ವಿವರಿಸುವೆಡೆ, ತನ್ನಿಂದ ತಾನೇ ಕ್ಲೇಶಕ್ಕೆ ಒಳಗಾಗದವನನ್ನು ದೇವಗಂಧರ್ವರಾಗಲಿ ಪಿಶಾಚರಾಕ್ಷಸರಾಗಲಿ ಬಾಧಿಸರೆಂದೂ, ಪ್ರಜ್ಞಾಪರಾಧದಿಂದ ಬಂದ ರೋಗಕ್ಕೆ ದೇವತೆಗಳನ್ನು ದೂರುವುದು ಸಲ್ಲದೆಂದೂ ತಾತ್ಪರ್ಯ ಬರುವಂತೆ ಹೇಳಿದೆ. ಅಮಾನುಷ ಸತ್ತ್ವಗಳನ್ನು ಒಪ್ಪಿಯೂ ಹೊಣೆಯನ್ನು ಮನುಷ್ಯನ ಮೇಲಿರಿಸುವ ಈ ದೃಷ್ಟಿಯು ಮುಂದಿನ ವಿಚಾರಕ್ಕೆ ಬೀಗದ ಕೈಯಂತಿದೆ.

೫

ಈಗ ವೇತಾಲನ ವಿಚಾರ. ವೇತಾಲಪಂಚವಿಂಶತಿಯ ಪ್ರಾಚೀನ ಪಾಠಗಳು ಕಾಶ್ಮೀರದ ಸೋಮದೇವಭಟ್ಟನ ಕಥಾಸರಿತ್ಸಾಗರದಲ್ಲಿಯೂ ಕ್ಷೇಮೇಂದ್ರನ ಬೃಹತ್ಕಥಾಮಂಜರಿಯಲ್ಲಿಯೂ ಇವೆ. ಕಥೆ ನಡೆಯುವುದು ಗೋದಾವರೀತೀರದ ಪ್ರತಿಷ್ಠಾನದಲ್ಲಿ. ಅದು ಶಾತವಾಹನರ ರಾಜಧಾನಿಯೆಂದು ಹೆಸರಾದ ಊರು. ಬೃಹತ್ಕಥೆಯನ್ನು ಗುಣಾಢ್ಯನು ಪೈಶಾಚೀಭಾಷೆಯಲ್ಲಿ ಬರೆದನೆಂಬ ಐತಿಹ್ಯವೂ ಆ ವಂಶದ ಅರಸನ ಆಸ್ಥಾನಕ್ಕೇ ಸೇರಿದುದು. ತ್ರಿವಿಕ್ರಮಸೇನರಾಜನು ಕ್ಷಾಂತಿಶೀಲನೆಂಬ ಭಿಕ್ಷುವಿಗೆ ಕೊಟ್ಟ ಮಾತಿಗಾಗಿ ಶಿಂಶಪಾವೃಕ್ಷದಲ್ಲಿ ತೂಗುವ ಶವವನ್ನು ಹೊತ್ತು ತರುತ್ತಾನೆ. ಆ ಶವದೊಳಗಿನ ವೇತಾಲನು ಕಥೆ ಹೇಳಿ ಪ್ರಶ್ನೆ ಕೇಳುತ್ತಾನೆ. ರಾಜನು ಉತ್ತರವಿತ್ತೊಡನೆ ಶವವು ಮರಳಿ ಮರವನ್ನೇರುತ್ತದೆ. ಕೊನೆಗೆ ಭಿಕ್ಷುವಿನ ಕಪಟವನ್ನು ತಿಳಿಸಿ ರಾಜನ ಪ್ರಾಣವನ್ನುಳಿಸುವವನೂ ವೇತಾಲನೇ.

ಈ ಕಥಾಮಾಲೆಯ ಹಿಂದೀ ರೂಪವಾದ ಬೈತಾಲ ಪಚೀಸಿಯನ್ನು ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನವರು ಸಿದ್ಧಪಡಿಸಿದರು. ಅದರ ಜಾಡಿನಲ್ಲಿ ರಿಚರ್ಡ್ ಬರ್ಟನ್ ೧೮೭೦ರಲ್ಲಿ ಹನ್ನೊಂದು ಕಥೆಗಳನ್ನು ತನ್ನ ಮನಬಂದಂತೆ ಹಿಗ್ಗಿಸಿ, ವಿಕ್ರಮನೂ ವ್ಯಾಂಪೈರೂ ಎಂಬ ಅರ್ಥದ ಹೆಸರಿನಿಂದ ಪ್ರಕಟಿಸಿದನು. ಅರ್ನೆಸ್ಟ್ ಗ್ರಿಸೆ ಎಂಬ ಚಿತ್ರಕಾರನ ಚಿತ್ರಗಳು ಆ ಗ್ರಂಥವನ್ನು ಜನಪ್ರಿಯಗೊಳಿಸಿದವು. ಹೆಸರಿಗೆ ಚಿತ್ರದ ಬಲವೂ ಸೇರಿತು. ಮೋನಿಯರ್ ವಿಲಿಯಮ್ಸನ ೧೮೯೯ರ ಸಂಸ್ಕೃತಕೋಶದಲ್ಲಿ ವೇತಾಲಶಬ್ದದ ಅರ್ಥಗಳ ಸಾಲಿನಲ್ಲಿ ವ್ಯಾಂಪೈರ್ ಸೇರಿದೆ. ಸಮ್ಮರ್ಸನು ವ್ಯಾಂಪೈರಿನ ಬಂಧುಬಳಗವನ್ನು ಅರಸುತ್ತ ಪೂರ್ವದೇಶಗಳಿಗೂ ಒಂದು ಅಧ್ಯಾಯವನ್ನು ಮೀಸಲಿಟ್ಟನು.

ವ್ಯಾಂಪೈರ್ ಎಂದರೇನು? ಶಬ್ದವು ಸ್ಲಾವ್ ಜನರ ದೇಶಗಳಿಂದ ಬಂದುದು. ೧೭೨೫ರಿಂದ ೧೭೩೨ರವರೆಗೆ ಆಸ್ಟ್ರಿಯದ ಅಧಿಕಾರಿಗಳು ಸರ್ಬಿಯದಿಂದ ಕಳುಹಿಸಿದ ವರದಿಗಳಿಂದ ಅದು ಪಶ್ಚಿಮ ಯೂರೋಪಿನಲ್ಲೆಲ್ಲ ಹರಡಿತು. ೧೭೪೬ರಲ್ಲಿ ಕಾಲ್ಮೆ ಎಂಬ ಫ್ರೆಂಚ್ ಪಾದ್ರಿಯು ಅದನ್ನು ಕುರಿತು ಪ್ರಬಂಧ ಬರೆದನು. ಪಾಲಿಡೋರಿಯ ೧೮೧೯ರ ಕಥೆಯೂ ಸ್ಟೋಕರನ ೧೮೯೭ರ ಡ್ರಾಕುಲಾ ಕಾದಂಬರಿಯೂ ಅದಕ್ಕೆ ಇಂದಿನ ರೂಪವನ್ನು ಕೊಟ್ಟವು. ಇವುಗಳಿಂದ ಏರ್ಪಡುವ ಲಕ್ಷಣವಿದು: ಸತ್ತು ಹೂಳಲ್ಪಟ್ಟವನು ತನ್ನ ದೇಹದಲ್ಲಿಯೇ ಗೋರಿಯಿಂದೆದ್ದು ಬಂದು ಜೀವಂತರ ರಕ್ತವನ್ನು ಹೀರುವುದು.

ಈ ಲಕ್ಷಣವನ್ನು ಪಂಚವಿಂಶತಿಯ ವೇತಾಲನಿಗೆ ಅನ್ವಯಿಸಿದರೆ ತರ್ಕಶಾಸ್ತ್ರದವರು ಹೇಳುವ ಅಸಂಭವದೋಷವೇ ಬರುತ್ತದೆ. ವ್ಯಾಂಪೈರಿನದು ಸ್ವದೇಹ, ವೇತಾಲನದು ಪರದೇಹ. ವ್ಯಾಂಪೈರಿಗೆ ಗೋರಿ ಬೇಕು; ವೇತಾಲನು ಹೆಣಗಳನ್ನು ಸುಡುವ ಶ್ಮಶಾನದವನು. ವ್ಯಾಂಪೈರು ಹಸಿದು ಬರುತ್ತದೆ. ವೇತಾಲನು ಪ್ರಶ್ನೆಯನ್ನು ಹೊತ್ತು ಬರುತ್ತಾನೆ. ಇಪ್ಪತ್ತೈದು ಕಥೆಗಳುದ್ದಕ್ಕೂ ತನ್ನನ್ನು ಹೆಗಲಮೇಲೆ ಹೊತ್ತವನ ಒಂದು ತೊಟ್ಟು ರಕ್ತವನ್ನೂ ಅವನು ಮುಟ್ಟುವುದಿಲ್ಲ.

ಇಲ್ಲಿ ಒಂದು ಪೂರ್ವಪಕ್ಷವುಂಟು. ಭವಭೂತಿಯ ಮಾಲತೀಮಾಧವದ ಐದನೆಯ ಅಂಕದಲ್ಲಿ ಶ್ಮಶಾನಸತ್ತ್ವಗಳಿಗೆ ನರಮಾಂಸವನ್ನು ಮಾರಲು ಮಾಧವನು ಹೋಗುವುದಿಲ್ಲವೇ? ಪಂಚವಿಂಶತಿಯ ಕೊನೆಯಲ್ಲಿ ರಾಜನು ಭಿಕ್ಷುವಿನ ತಲೆಯನ್ನೂ ಹೃದಯವನ್ನೂ ವೇತಾಲನಿಗೆ ಅರ್ಪಿಸುವುದಿಲ್ಲವೇ? ಹಾಗಿರುವಾಗ ವೇತಾಲನನ್ನು ಮಾಂಸಶೋಣಿತಪ್ರಿಯನೆಂದರೆ ತಪ್ಪೇನು? ಇದಕ್ಕೆ ಸಮಾಧಾನವೇನೆಂದರೆ, ಶ್ಮಶಾನದಲ್ಲಿ ಸತ್ತ ದೇಹವನ್ನು ತಿನ್ನುವುದು ಪಿಶಾಚ ರಾಕ್ಷಸ ಶಾಕಿನಿಯರಿಗೂ ಸಮಾನ. ವೇತಾಲನೊಬ್ಬನಿಗೇ ಸಲ್ಲದ ಅದನ್ನು ಅವನ ಲಕ್ಷಣವೆಂದರೆ ಅತಿವ್ಯಾಪ್ತಿಯಾಗುತ್ತದೆ. ಮೇಲಾಗಿ ಭಿಕ್ಷುವು ಸಿದ್ಧಪಡಿಸಿದ ಮಂಡಲವನ್ನು ನೋಡಬೇಕು. ಎಲುಬಿನ ಪುಡಿಯ ರೇಖೆ, ರಕ್ತದಿಂದ ಸಾರಿಸಿದ ನೆಲ, ರಕ್ತ ತುಂಬಿದ ಕಲಶಗಳು, ನರವಸೆಯ ದೀಪ, ಇವೆಲ್ಲವೂ ಸಿದ್ಧಿಯನ್ನು ಬಯಸಿದ ಮನುಷ್ಯನ ಏರ್ಪಾಡು. ಬಾಣಭಟ್ಟನ ಹರ್ಷಚರಿತದಲ್ಲಿ ಭೈರವಾಚಾರ್ಯನು ನಡೆಸುವ ವೇತಾಲಸಾಧನೆಯಲ್ಲಿಯೂ ಶವವನ್ನು ಸಜ್ಜುಗೊಳಿಸುವವನು ಸಾಧಕನೇ. ಆದಕಾರಣ ಶವಾಧಿಷ್ಠಾನವೇ ವೇತಾಲಲಕ್ಷಣವೆಂಬುದು ಸಿದ್ಧಾಂತ.

ಕೊಂಕಣ ಗೋಮಂತಕಗಳಲ್ಲಿ ಬ್ಯಾತಾಳನು ಊರನ್ನು ಕಾಯುವ ಗ್ರಾಮದೇವತೆಯಾಗಿ ಪೂಜೆಗೊಳ್ಳುತ್ತಾನೆಂಬುದನ್ನೂ ಇಲ್ಲಿ ನೆನೆಯಬಹುದು. ವ್ಯಾಂಪೈರಿಗೆ ಊರ ಕಾವಲನ್ನು ಒಪ್ಪಿಸಿದವರನ್ನು ಯಾವ ದೇಶದ ಕಥೆಯಲ್ಲಿಯೂ ಕಾಣೆವು. ಜರ್ಮನಿಯ ಪಂಡಿತನಾದ ಹೈನ್ರಿಖ್ ಝಿಮ್ಮರನ ಗ್ರಂಥವು ೧೯೪೮ರಲ್ಲಿ ಹೊರಬಂದಾಗ ಅದಕ್ಕೆ ರಾಜನೂ ಶವವೂ ಎಂಬ ಅರ್ಥದ ಹೆಸರು ಬಂದಿತು. ಬರ್ಟನ್ನನ ಹೆಸರಿಗಿಂತ ಇದು ಮೂಲಕ್ಕೆ ಹತ್ತಿರವಾದುದು.

೬

ಫೇರಿಶಬ್ದದ ವಿಚಾರವನ್ನು ಸಂಕ್ಷೇಪವಾಗಿ ಹೇಳಬಹುದು. ಅದು ಲ್ಯಾಟಿನ್ನಿನಲ್ಲಿ ವಿಧಿದೇವತೆಯೆಂಬರ್ಥದ ಫಾತಾಶಬ್ದದಿಂದ ಫ್ರೆಂಚಿನ ಮೂಲಕ ಬಂದುದು. ಈ ಸೀಮೆಯ ದಖನೀ ಮಾತಿನಲ್ಲಿ ಕೇಳುವ ಪರಿ ಎಂಬ ಪಾರಸೀಶಬ್ದಕ್ಕೂ ಅದಕ್ಕೂ ಧ್ವನಿಸಾಮ್ಯವೇ ಹೊರತು ಮೂಲಸಂಬಂಧವಿಲ್ಲ. ಪರಿಯ ಮೂಲವಾದ ಅವೆಸ್ತಾದ ಪೈರಿಕಾ ಎಂಬುದು ದುಷ್ಟ ಸ್ತ್ರೀಸತ್ತ್ವದ ಹೆಸರಾಗಿದ್ದು, ಕಾಲಕ್ರಮದಲ್ಲಿ ಸುಂದರಿಯ ಹೆಸರಾಯಿತು. ಗೋಲ್ಕೊಂಡದ ಗವ್ವಾಸಿ ಕವಿಯು ಹದಿನೇಳನೆಯ ಶತಮಾನದಲ್ಲಿ ದಖನಿಯಲ್ಲಿ ಹಾಡಿದ ಸೈಫುಲ್‌ಮುಲೂಕನ ಕಥೆಯ ನಾಯಿಕೆ ಇಂತಹ ಪರಿಯೇ. ೧೯೪೮ರವರೆಗೆ ನಿಜಾಮರ ರಾಜ್ಯಕ್ಕೆ ಸೇರಿದ್ದು ಉರ್ದುವಿನಲ್ಲಿ ಪಾಠ ಕಲಿತ ಸೇಡಂ ಚಿಂಚೋಳಿಗಳ ಹಿರಿಯ ತಲೆಮಾರಿನವರಿಗೆ ಪರಿಶಬ್ದವು ಕಿನ್ನರಿಗಿಂತ ಹೆಚ್ಚು ಪರಿಚಿತವಾಗಿದ್ದುದು ಸಹಜ.

ಕಿನ್ನರಿಯನ್ನು ಫೇರಿಯೆನ್ನುವುದು ಇತ್ತೀಚಿನ ರೂಢಿ. ಅಮರನು ಕಿನ್ನರನಿಗೆ ತುರಂಗವದನ, ಎಂದರೆ ಕುದುರೆಮೊಗದವನು, ಎಂಬ ಪರ್ಯಾಯವನ್ನು ಕೊಟ್ಟಿದ್ದಾನೆ. ಕನ್ನಡದಲ್ಲಿ ಕಿನ್ನರಿಯೆಂದರೆ ಸೋರೆಬುರುಡೆಯ ತಂತೀವಾದ್ಯವೂ ಹೌದು. ಶರಣ ಕಿನ್ನರಿ ಬೊಮ್ಮಯ್ಯನ ಹೆಸರೂ ಕುವೆಂಪು ಅವರ ಕಿಂದರಿಜೋಗಿಯ ಹೆಸರೂ ಬಂದುದು ಈ ವಾದ್ಯದಿಂದ. ಚಿಟ್ಟೆಯ ರೆಕ್ಕೆಯುಳ್ಳ ಪುಟ್ಟ ಹುಡುಗಿಯ ಚಿತ್ರವನ್ನು ಈ ಯಾವ ಅರ್ಥವೂ ಸಮರ್ಥಿಸುವುದಿಲ್ಲ. ಯಕ್ಷಿಯ ವಿಷಯವಂತೂ ಇನ್ನೂ ದೂರ. ಮಹಿಷವನ್ನೇರಿ ಎಂಟು ಕೈಗಳಲ್ಲಿ ಆಯುಧಾದಿಗಳನ್ನು ಹಿಡಿದು ಗ್ರಹಗಳನ್ನು ದಂಡಿಸುವ ಜ್ವಾಲಿನಿಯನ್ನು ಫೇರಿಯೆಂದು ಕರೆದರೆ ಕೇಳಿದವರು ನಗದಿರಲಾರರು. ಆನಂದ ಕುಮಾರಸ್ವಾಮಿಯವರು ೧೯೨೮ರಲ್ಲಿಯೂ ೧೯೩೧ರಲ್ಲಿಯೂ ಎರಡು ಭಾಗಗಳಾಗಿ ಪ್ರಕಟಿಸಿದ ಸಚಿತ್ರ ಗ್ರಂಥಕ್ಕೆ ಯಕ್ಷರು ಎಂದೇ ಹೆಸರಿಟ್ಟು, ವೃಕ್ಷ, ಜಲ, ಸಮೃದ್ಧಿಗಳೊಡನೆ ಯಕ್ಷರಿಗಿರುವ ಸಂಬಂಧವನ್ನು ಶಿಲ್ಪಗಳಿಂದಲೇ ತೋರಿಸಿದರು. ಇಂಗ್ಲಿಷಿನಲ್ಲಿ ಬರೆದರೂ ಮೂಲಶಬ್ದವನ್ನೇ ಇರಿಸಿಕೊಂಡುದು ಆ ಗ್ರಂಥದ ಪ್ರಾಮಾಣ್ಯಕ್ಕೆ ಒಂದು ಕಾರಣ.

೭

ಹಾಗಾದರೆ ನಮ್ಮ ಗ್ರಂಥಗಳಲ್ಲಿ ರಕ್ತಪಾನದ ಪ್ರಸ್ತಾಪವೇ ಇಲ್ಲವೇ ಎಂದರೆ, ಉಂಟು. ಮಾನ್ಯಖೇಟದ ಕಾಲದ ಯಶೋಧರಕಥೆಯ ನಡುಗಂಬವೇ ಅದು. ಯೌಧೇಯದೇಶದ ರಾಜಪುರದಲ್ಲಿ ಚಂಡಮಾರಿಯ ಗುಡಿ. ಖೇಚರತ್ವವೇ ಮೊದಲಾದ ಸಿದ್ಧಿಗಳ ಆಸೆಯಿಂದ ಮಾರಿದತ್ತರಾಜನು ಸಕಲ ಪ್ರಾಣಿಗಳ ಜೋಡಿಗಳನ್ನು ಬಲಿಗೆ ತರಿಸುತ್ತಾನೆ. ನರಯುಗಲವಾಗಿ ತಂದವರು ಅಭಯರುಚಿ, ಅಭಯಮತಿ ಎಂಬ ಬಾಲತಪಸ್ವಿಗಳು. ಸೋಮದೇವಸೂರಿಯು ಆ ಗುಡಿಯನ್ನೂ ಅಲ್ಲಿ ನೆರೆಯುವ ಮಹಾಯೋಗಿನಿಯರನ್ನೂ ಬಣ್ಣಿಸಿದ ಪರಿಯನ್ನು ಕೃಷ್ಣಕಾಂತ ಹಂದಿಕಿಯವರು ೧೯೪೯ರಲ್ಲಿ ಸೋಲಾಪುರದಿಂದ ಪ್ರಕಟವಾದ ತಮ್ಮ ಮಹಾಗ್ರಂಥದಲ್ಲಿ ಪರಿಶೀಲಿಸಿದ್ದಾರೆ. ಭಯಾನಕ ಬೀಭತ್ಸಗಳಿಗೆ ಅಲ್ಲಿ ಕೊರತೆಯಿಲ್ಲ.

ಆದರೆ ಆ ಬಾಲಕನು ಹೇಳುವ ಪೂರ್ವಜನ್ಮದ ಕಥೆಯು ವಿಚಾರವನ್ನು ಬೇರೆಡೆಗೆ ತಿರುಗಿಸುತ್ತದೆ. ಯಶೋಧರನು ಜೀವವನ್ನು ಕೊಲ್ಲಲೊಲ್ಲದೆ, ತಾಯಿ ಚಂದ್ರಮತಿಯ ಮಾತನ್ನು ಮೀರಲಾರದೆ, ಹಿಟ್ಟಿನ ಕೋಳಿಯನ್ನು ಬಲಿಗೊಟ್ಟನು. ಅಲ್ಲಿ ರಕ್ತವಿರಲಿಲ್ಲ, ಕುಡಿಯಲು ದೇವತೆಗೆ ಏನೂ ಸಿಗಲಿಲ್ಲ. ಆದರೂ ತಾಯಿಮಕ್ಕಳಿಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಕೊಲೆಗೊಳಗಾದರು. ಕುಡಿಯುವವಳ ದಾಹವು ಪಾಪಕ್ಕೆ ಕಾರಣವಲ್ಲ. ಕೊಡುವವನ ಸಂಕಲ್ಪವೇ ಕಾರಣ ಎಂಬುದು ಇದರ ಇಂಗಿತ. ಚರಕನು ರೋಗದ ವಿಷಯದಲ್ಲಿ ಹೇಳಿದ ಹೊಣೆಯನ್ನೇ ಜೈನಕವಿಗಳು ಧರ್ಮದ ವಿಷಯದಲ್ಲಿ ಹೇಳಿದರೆಂದು ತಿಳಿಯಬಹುದು. ನೃಪತುಂಗನ ಸಭೆಯಲ್ಲಿ ಮಾಂಸಾಹಾರದ ನಿಷ್ಫಲತ್ವವನ್ನು ಪ್ರತಿಪಾದಿಸಿದ ಉಗ್ರಾದಿತ್ಯಾಚಾರ್ಯನ ಕಲ್ಯಾಣಕಾರಕವೂ ಇದೇ ಆಸ್ಥಾನದ ಚಿಂತನೆಗೆ ಸೇರಿದುದು.

ಈ ಕಥೆಯು ಮುಂದೆ ವಾದಿರಾಜನ ಸಂಸ್ಕೃತದಲ್ಲಿಯೂ, ೧೨೦೯ರಲ್ಲಿ ಜನ್ನನ ಕನ್ನಡದಲ್ಲಿಯೂ ಹೊಸ ಹುಟ್ಟನ್ನು ಪಡೆಯಿತು. ಹದಿನೈದನೆಯ ಶತಮಾನದಿಂದೀಚೆಗೆ ಉತ್ತರ ಪಶ್ಚಿಮ ಭಾರತದ ಜೈನರು ಯಶೋಧರಚರಿತೆಯ ಸಚಿತ್ರ ಪ್ರತಿಗಳನ್ನು ಬರೆಯಿಸಿದರು. ಅವುಗಳಲ್ಲಿ ಮಾರಿದತ್ತನ ಕತ್ತಿ, ಬಲಿಗೆ ತಂದ ಪ್ರಾಣಿಗಳು, ಹಿಟ್ಟಿನ ಕೋಳಿ ಎಲ್ಲವೂ ಬಣ್ಣದಲ್ಲಿ ಮೂಡಿವೆ. ಗ್ರಿಸೆಯ ಚಿತ್ರಗಳಲ್ಲಿ ನೋಡುವವನ ಕಣ್ಣು ವಿಚಿತ್ರಸತ್ತ್ವದ ಕಡೆಗೆ ಹೋಗುತ್ತದೆ; ಈ ಪ್ರತಿಗಳ ಚಿತ್ರಗಳಲ್ಲಿ ಬಲಿ ಕೊಡುವ ಕೈಯ ಕಡೆಗೆ ಹೋಗುತ್ತದೆ.

೮

ಕನ್ನಡದಲ್ಲಿ ಈ ವಿಷಯದ ಸಚಿತ್ರ ಕೋಶವೊಂದು ಆಗಬೇಕಾದರೆ ಅದರ ಕ್ರಮವನ್ನು ಮೇಲಿನ ಗ್ರಂಥಗಳೇ ಸೂಚಿಸುತ್ತವೆ. ಪ್ರತಿಯೊಂದು ಹೆಸರಿಗೂ ಐದು ಅಂಶಗಳನ್ನು ಹೇಳಬೇಕು: ಯೋನಿ, ಆವಾಸ, ಆಹಾರ, ಕ್ರಿಯೆ, ಉಪಶಮನ. ಯಾವ ಮತದ ಯಾವ ಶಾಸ್ತ್ರದ ಮಾತೆಂಬುದನ್ನೂ ಗುರುತಿಸಬೇಕು. ಉದಾಹರಣೆಗೆ, ವೇತಾಲನಿಗೆ ಸ್ವತಂತ್ರಯೋನಿಯಿಲ್ಲ. ಆವಾಸವು ಶ್ಮಶಾನದ ಶವ. ಆಹಾರವು ಸಾಧಕನು ಅರ್ಪಿಸಿದುದು. ಕ್ರಿಯೆಯು ಪ್ರಶ್ನೆ ಮತ್ತು ವರ. ಉಪಶಮನವು ಧೈರ್ಯ ಮತ್ತು ಸದುತ್ತರ. ಇಷ್ಟನ್ನು ಬರೆದರೆ ವ್ಯಾಂಪೈರ್ ಎಂಬ ಪದವು ತಾನಾಗಿಯೇ ಬಿದ್ದುಹೋಗುತ್ತದೆ. ಚಿತ್ರಗಳಿಗೆ ಕನಗನಹಳ್ಳಿಯ ಕಲ್ಲೂ ಬಸದಿಗಳ ಯಕ್ಷಯಕ್ಷಿಯರೂ ಯಶೋಧರಪ್ರತಿಗಳೂ ಇರುವಾಗ ಪರದೇಶದ ರೇಖೆಗಳನ್ನು ಸಾಲ ತರಬೇಕಾಗಿಲ್ಲ. ಡ್ರಾಕುಲಾದಂತಹ ಗ್ರಂಥವನ್ನು ಕನ್ನಡದಲ್ಲಿ ಓದುವವರಿಗೆ ವ್ಯಾಂಪೈರ್ ಎಂಬ ಶಬ್ದವನ್ನೇ ಉಳಿಸಿಕೊಡುವುದು ಲೇಸು. ಅದರದು ಅದರ ದೇಶದ ಚರಿತ್ರೆ.

ಇದು ಬರಿಯ ಶಬ್ದವಾದವಲ್ಲ. ಯೂರೋಪಿನಲ್ಲಿ ವ್ಯಾಂಪೈರ್ ಎಂಬ ಹೆಸರು ಬಿದ್ದ ಸತ್ತವರ ಗೋರಿಗಳನ್ನು ಅಗೆದು ಹೆಣಗಳಿಗೆ ಶೂಲವಿಕ್ಕಿದರು. ವೈದ್ಯನಾದ ಗೆರಾರ್ಡ್ ವಾನ್ ಸ್ವೀಟೆನ್ನನ ವರದಿಯ ಮೇಲೆ ಮಹಾರಾಣಿ ಮಾರಿಯಾ ಥೆರೇಸಳು ೧೭೫೫ರಲ್ಲಿ ಆ ಆಚಾರವನ್ನು ನಿಷೇಧಿಸಬೇಕಾಯಿತು. ಕರ್ನಾಟಕದಲ್ಲಿ ಅಮಾನವೀಯ ದುಷ್ಟಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಅಧಿನಿಯಮವು ೨೦೧೭ರಲ್ಲಿ ಆಗಿ ೨೦೨೦ರಲ್ಲಿ ಜಾರಿಗೆ ಬಂದಿತು. ದೆವ್ವ ಬಿಡಿಸುವ ನೆವದಲ್ಲಿ ರೋಗಿಗಳನ್ನು ಹಿಂಸಿಸುವುದು ನಿಂತಿದ್ದರೆ ಅಂತಹ ಶಾಸನದ ಅಗತ್ಯವೇ ಬರುತ್ತಿರಲಿಲ್ಲ. ಹಿಡಿದುದಕ್ಕೂ ಹಿಡಿಯಲ್ಪಟ್ಟವರಿಗೂ ಭೇದವನ್ನು ಮರೆತಲ್ಲಿ ಪೀಡಿತನೇ ಪಿಶಾಚನೆನಿಸಿಕೊಳ್ಳುತ್ತಾನೆ. ಸಾವಿರ ವರ್ಷಗಳ ಹಿಂದೆ ಮಳಖೇಡದಲ್ಲಿ ಬರೆದ ಗ್ರಂಥವು ಕಮಲಶ್ರೀಯ ವಿಷಯದಲ್ಲಿ ಆ ಭೇದವನ್ನು ಮರೆಯಲಿಲ್ಲ. ಯಶೋಧರನ ಕಥೆ ಹೇಳಿದ ಕವಿಗಳು ಕುಡಿಯುವವಳನ್ನಲ್ಲದೆ ಕೊಡುವವನನ್ನು ಕೇಳಲು ಮರೆಯಲಿಲ್ಲ. ಜನ್ನನನ್ನೂ ರನ್ನನನ್ನೂ ಪಾಠ ಹೇಳುವ ಉಪಾಧ್ಯಾಯರು ಈ ಶಬ್ದಗಳಿಗೆ ಅರ್ಥ ಬರೆಸುವಾಗ ಇದನ್ನು ಲಕ್ಷ್ಯದಲ್ಲಿಟ್ಟರೆ, ಆ ಕಾವ್ಯಗಳ ತಾತ್ಪರ್ಯವೂ ಶಬ್ದದೊಡನೆಯೇ ವಿದ್ಯಾರ್ಥಿಗಳಿಗೆ ದೊರೆಯುವುದು.